ಅಂಗಡಿಗೆ ನಾಲ್ಕು ಕಣ್ಣು

ಅಂಗಡಿಗೆ ಸಿಸಿ ಕ್ಯಾಮೆರಾ ಹಾಕಿಸಬೇಕು ಅಂತ ಒಬ್ಬರು ಬಾಯಿಬಿಟ್ಟರೆ ಸಾಕು, ಸುತ್ತಮುತ್ತಲಿನವರೆಲ್ಲ ಕುರ್ಚಿ ಎಳೆದುಕೊಂಡು ಕೂತು ಸಲಹೆ ಕೊಡಲು ಶುರುಮಾಡುತ್ತಾರೆ. ಹಿಂದೆ ಮದುವೆ, ಮನೆ ಕಟ್ಟೋದು, ಬೋರ್‌ವೆಲ್ ಕೊರೆಸೋದು ಈ ಮೂರಕ್ಕಿದ್ದ ಮರ್ಯಾದೆ ಈಗ ಕ್ಯಾಮೆರಾಕ್ಕೂ ಬಂದಿದೆ. ಒಬ್ಬರು ಎಂಟು ಹಾಕಿಸಿ ಅನ್ನುತ್ತಾರೆ. ಇನ್ನೊಬ್ಬರು ತಿರುಗೋ ಕ್ಯಾಮೆರಾನೇ ಆಗಬೇಕು, ಬಾಕಿ ಎಲ್ಲ ದಂಡ ಅನ್ನುತ್ತಾರೆ. ಮೂರನೆಯವರು ಹತ್ತಿರ ಬಂದು, ದನಿ ತಗ್ಗಿಸಿ, 'ಖಾಲಿ ಡಬ್ಬ ಒಂದನ್ನ ಸಿಗಿಸಿ ಕೆಂಪು ದೀಪ ಉರಿಯೋ ಹಂಗೆ ಮಾಡಿ, ಕಳ್ಳನಿಗೇನು ಗೊತ್ತಾಗ್ತದೆ' ಅನ್ನುತ್ತಾರೆ. ಈ ಮೂರನೆಯವರ ಮಾತನ್ನು ಮಾತ್ರ ದಯವಿಟ್ಟು ಕೇಳಬೇಡಿ. ಖಾಲಿ ಡಬ್ಬ ಅನ್ನುವುದು ಊರಿನವರಿಗೆಲ್ಲ ಒಂದೇ ವಾರದಲ್ಲಿ ಗೊತ್ತಾಗುತ್ತದೆ, ಕಳ್ಳನಿಗೆ ಅದಕ್ಕೂ ಮುಂಚೆ.

ನಮ್ಮಕ್ಕನ ಯಜಮಾನರದು ಮೊಸಳೆಯಲ್ಲಿ ಗೊಬ್ಬರ, ಬೀಜ, ಔಷಧಿ ಅಂಗಡಿ. ಮೊಸಳೆ ಗೊತ್ತಲ್ಲ? ಹಾಸನದಿಂದ ಹೊಳೆನರಸೀಪುರದ ದಾರಿ ಹಿಡಿದರೆ ಹತ್ತು ಹನ್ನೆರಡು ಕಿಲೋಮೀಟರ್. ರೈಲಿನಲ್ಲಿ ಮೈಸೂರಿನ ಕಡೆ ಹೋಗುವವರಿಗೆ ಮೊಸಳೆಹೊಸಹಳ್ಳಿ ಸ್ಟೇಷನ್ ಪರಿಚಯ, ಎಂಜಿನಿಯರಿಂಗ್ ಓದಿದವರಿಗೆ ಅಲ್ಲಿನ ಸರ್ಕಾರಿ ಕಾಲೇಜು ಪರಿಚಯ. ನನ್ನಂಥವರಿಗೆ ಊರು ಅಂದರೆ ಮೊದಲು ಕಣ್ಣ ಮುಂದೆ ಬರುವುದು ಆ ಜೋಡಿ ದೇವಸ್ಥಾನ. ನಾಗೇಶ್ವರ ಒಂದು, ಚೆನ್ನಕೇಶವ ಒಂದು. ಅಕ್ಕಪಕ್ಕದಲ್ಲೇ ನಿಂತಿವೆ, ಒಂದೇ ಅಳತೆ, ಒಂದೇ ನಕ್ಷೆ. 1200ರ ಆಸುಪಾಸಿನವು, ಹೊಯ್ಸಳರ ಎರಡನೇ ವೀರಬಲ್ಲಾಳನ ಕಾಲ. ಒಳಗೆ ಹೋಗಿ ಕತ್ತೆತ್ತಿ ಮೇಲ್ಚಾವಣಿ ನೋಡಿದವರು ಕುತ್ತಿಗೆ ನೋವು ಬರುವವರೆಗೂ ಇಳಿಸುವುದಿಲ್ಲ. ಶಿವನಿಗೂ ವಿಷ್ಣುವಿಗೂ ಒಂದಿಷ್ಟೂ ಹೆಚ್ಚುಕಮ್ಮಿ ಆಗದ ಹಾಗೆ ಕಟ್ಟಬೇಕಾದರೆ ಆ ಶಿಲ್ಪಿಗಳು ಉಳಿ ಮುಟ್ಟುವ ಮುಂಚೆ ಎಷ್ಟು ದಿನ ನೆಲದ ಮೇಲೆ ಗೆರೆ ಎಳೆದು, ಅಳಿಸಿ, ಮತ್ತೆ ಎಳೆದಿರಬೇಕು ಅಂತ ನನಗೆ ಯಾವಾಗಲೂ ಯೋಚನೆ.

ಗೆರೆ ಎಳೆಯುವ ಮಾತು ಬಂದದ್ದು ಒಳ್ಳೆಯದೇ ಆಯಿತು. ಕ್ಯಾಮೆರಾ ಹಾಕುವ ಹುಡುಗ ಹಾಸನದಿಂದ ಬೈಕಿನಲ್ಲಿ ಬಂದ, ಹೆಲ್ಮೆಟ್ ತೆಗೆಯುತ್ತಲೇ ಕೇಳಿದ: "ನಾಲ್ಕರ ಸೆಟ್ಟಾ ಅಣ್ಣ, ಎಂಟರ ಸೆಟ್ಟಾ?"

ಭಾವ, "ನಾಲ್ಕು ಸಾಕು ಕಣಪ್ಪ, ಒಂದೊಂದು ಮೂಲೆಗೆ ಒಂದೊಂದು" ಅಂದರು.

ನಾನು ಬಾಯಿ ಹಾಕಿದೆ. "ಭಾವ, ಮೂಲೆ ಆಮೇಲೆ ನೋಡೋಣ. ಇಷ್ಟು ವರ್ಷದಲ್ಲಿ ಅಂಗಡಿಯಿಂದ ಏನೇನು ಹೋಗಿದೆ, ಅದನ್ನ ಮೊದಲು ಹೇಳಿ."

ಅವರು ಸ್ವಲ್ಪ ಹೊತ್ತು ಯೋಚಿಸಿ, "ಮೂಟೆ ಯಾವತ್ತೂ ಹೋಗಿಲ್ಲ ಕಣೋ. ಹೋಗಿದ್ದೆಲ್ಲ ಔಷಧಿ ಬಾಟ್ಲು" ಅಂದರು.

ನೋಡಿದಿರಾ? ಯೂರಿಯಾ ಮೂಟೆ 45 ಕೆ.ಜಿ., ಡಿಎಪಿ 50 ಕೆ.ಜಿ. ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಊರ ನಡುವೆ ಯಾರು ಓಡುತ್ತಾರೆ? ಕಾಲು ಲೀಟರಿನ ಔಷಧಿ ಬಾಟಲಿ ಅಂಗೈಯಲ್ಲಿ ಹಿಡಿಯುತ್ತದೆ, ಬೆಲೆಯಲ್ಲಿ ಎಷ್ಟೋ ಸಲ ಮೂಟೆಯನ್ನೇ ಮೀರಿಸುತ್ತದೆ. ಆದರೆ ನಾಲ್ಕು ಮೂಲೆಗೆ ನಾಲ್ಕು ಕ್ಯಾಮೆರಾ ಇಟ್ಟಿದ್ದರೆ ಮೂರು ಕ್ಯಾಮೆರಾ ಹಗಲೂ ರಾತ್ರಿ ಮೂಟೆಗಳನ್ನೇ ನೋಡುತ್ತಾ ಕೂರುತ್ತಿದ್ದವು. ಅದಕ್ಕೇ ಒಂದು ಹಾಳೆ, ಒಂದು ಪೆನ್ಸಿಲ್ ತರಿಸಿ ಅಂಗಡಿಯ ನಕ್ಷೆ ಬರೆದೆವು. ಬಾಗಿಲು, ಗಲ್ಲಾಪೆಟ್ಟಿಗೆ, ಔಷಧಿ ಬೀರು, ಹಿಂದಿನ ಗೋಡೌನಿನ ಶೆಟರ್. ಅಕ್ಕ ಒಳಗಿನಿಂದ ಕಾಫಿ ತಂದವಳು ನಕ್ಷೆ ನೋಡಿ, "ಬೆಳಿಗ್ಗೆ ಐದೂವರೆಗೆಲ್ಲ ಡೇರಿಗೆ ಹಾಲು ಹಾಕೋರು ಓಡಾಡ್ತಾರೆ, ರಾತ್ರಿ ಹನ್ನೊಂದರ ತನಕ ಎದುರುಗಡೆ ಬೇಕರಿ ತೆಗೆದಿರ್ತದೆ. ಯಾರೂ ಇಲ್ದೇ ಇರೋದು ಅದರ ಮಧ್ಯದಾಗೆ" ಅಂದಳು. ಈ ಮಾತು ಯಾವ ಸೆಟ್ಟಿನ ಡಬ್ಬದ ಮೇಲೂ ಬರೆದಿರುವುದಿಲ್ಲ. ರಸ್ತೆಯಲ್ಲಿ ಜನ ಇರುವ ಹೊತ್ತು ಯಾವುದು, ಇಲ್ಲದ ಹೊತ್ತು ಯಾವುದು ಅಂತ ಆ ಬೀದಿಯಲ್ಲಿ ಬಾಳಿದವರಿಗೇ ಗೊತ್ತು.

ಚನ್ನರಾಯಪಟ್ಟಣದ ಕಡೆಯ ನೆಂಟರೊಬ್ಬರ ಮನೆಯಲ್ಲಿ ಇದಕ್ಕಿಂತ ಚೆನ್ನಾದ ಏರ್ಪಾಡು ನೋಡಿದ್ದೇನೆ. ಅವರದು ತೆಂಗಿನ ತೋಟ. ಉಂಡೆಕೊಬ್ಬರಿ ಆಗಬೇಕಾದರೆ ಕಾಯಿಯನ್ನು ಸುಲಿಯದೆ ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ ಬಿಡಬೇಕು. ಒಳಗಿನ ನೀರು ಆರಿ, ಕೊಬ್ಬರಿ ಕರಟ ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ಹತ್ತಿರ ಹತ್ತಿರ ಒಂದು ವರ್ಷದ ದುಡಿಮೆ ತಲೆಯ ಮೇಲೆ ಮಲಗಿರುತ್ತದೆ. ಕೊಬ್ಬರಿ ರೇಟು ಏರಿದ ವರ್ಷ ಮನೆಯವರಿಗೆ ನಿದ್ದೆ ಕಮ್ಮಿ. ಅವರು ಅಟ್ಟದ ಒಳಗೆ ಕ್ಯಾಮೆರಾ ಇಡಲಿಲ್ಲ. ಅಲ್ಲಿ ಕತ್ತಲೆ, ಧೂಳು, ಇಲಿ. ಅಟ್ಟಕ್ಕೆ ಹತ್ತುವ ಏಣಿಯ ಬುಡಕ್ಕೆ ಒಂದೇ ಒಂದು ಇಟ್ಟರು. ಯಾರೇ ಹೋಗಲಿ, ಏಣಿ ಹತ್ತಲೇಬೇಕಲ್ಲ?

ಇದೇ ಯುಕ್ತಿಯನ್ನು ನಮ್ಮ ರಾಜ್ಯದಲ್ಲೇ ಇನ್ನೊಬ್ಬರು ಹುಲಿಗಳ ಮೇಲೆ ಮಾಡಿದರು. ಉಲ್ಲಾಸ ಕಾರಂತರು, ಶಿವರಾಮ ಕಾರಂತರ ಮಗ. 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು ಹುಲಿಗಳ ಲೆಕ್ಕ ಹಾಕುವ ಕ್ರಮವನ್ನು ಬೆಳೆಸಿದರು. ಅಷ್ಟು ದೊಡ್ಡ ಕಾಡಿನಲ್ಲಿ ಎಲ್ಲೆಂದರಲ್ಲಿ ಇಟ್ಟರೆ ಎಲೆ ಅಲ್ಲಾಡುವುದು ಬಿಟ್ಟು ಬೇರೇನು ಸಿಕ್ಕೀತು? ಹುಲಿ ನಡೆಯುವ ದಾರಿ ನೋಡಿ ಅಲ್ಲಿ ಇಡಬೇಕು. ಅದೂ ಒಂದಲ್ಲ, ದಾರಿಯ ಎರಡೂ ಬದಿಗೆ ಎದುರುಬದುರು ಎರಡು. ಯಾಕೆ ಅಂದರೆ ಹುಲಿಯ ಎಡಮೈಯ ಪಟ್ಟೆ ಬಲಮೈಯ ಹಾಗೆ ಇರುವುದಿಲ್ಲ, ಒಂದು ಹುಲಿಯ ಪಟ್ಟೆ ಇನ್ನೊಂದರ ಹಾಗೆ ಇರುವುದಿಲ್ಲ. ಎರಡೂ ಮಗ್ಗುಲು ಸಿಕ್ಕರೆ ಇದು ಇದೇ ಹುಲಿ ಅಂತ ಗುರುತು ಹಿಡಿಯಬಹುದು. ಮರದ ತುದಿಗೆ ಕಟ್ಟಿದರೆ ಬೆನ್ನು ಮಾತ್ರ ಕಾಣುತ್ತದೆ, ಅದಕ್ಕೆ ಮೊಣಕಾಲಿನ ಎತ್ತರಕ್ಕೆ ಕಟ್ಟುತ್ತಾರೆ.

ಅಂಗಡಿಗೆ ಬರುವವರಿಗೆ ಪಟ್ಟೆ ಇಲ್ಲ, ಮುಖ ಇದೆ. ಆದರೆ ಬಹಳ ಅಂಗಡಿಗಳಲ್ಲಿ ಕ್ಯಾಮೆರಾವನ್ನು ಸೂರಿಗೆ ತಾಗಿಸಿ, ಹದಿನಾಲ್ಕು ಹದಿನೈದು ಅಡಿ ಎತ್ತರದಲ್ಲಿ ಸಿಗಿಸಿರುತ್ತಾರೆ. ಆಗ ಕಾಣುವುದು ಟೋಪಿ, ಟವೆಲು, ಬೋಳುತಲೆ. ಎಂಟು ಅಡಿಯ ಆಸುಪಾಸು ಸಾಕು, ಕೈಗೆ ಸಿಗದಿದ್ದರೆ ಆಯಿತು. ಇನ್ನೊಂದು, ಬಾಗಿಲಿನ ಕಡೆ ಮುಖ ಮಾಡಿ ಇಟ್ಟಾಗ ಹೊರಗಿನ ಬಿಸಿಲು ಹಿಂದಿನಿಂದ ಬಂದು ಒಳಗೆ ಕಾಲಿಡುವವರೆಲ್ಲ ಕಪ್ಪು ನೆರಳಾಗಿಬಿಡುತ್ತಾರೆ. ಭಾವನ ಅಂಗಡಿ ಪೂರ್ವಕ್ಕಿದೆ, ಬೆಳಗಿನ ಹತ್ತರವರೆಗೂ ಇದೇ ತೊಂದರೆ. ಬಿಸಿಲು ನೆರಳು ಸರಿದೂಗಿಸುವ ಡಬ್ಲ್ಯುಡಿಆರ್ ಇರುವ ಕ್ಯಾಮೆರಾ ಬಾಗಿಲಿಗೊಂದು ತೆಗೆದುಕೊಳ್ಳಲೇಬೇಕು, ಅಲ್ಲಿ ಮಾತ್ರ ದುಡ್ಡಿನ ಮುಖ ನೋಡಬಾರದು.

'ಎರಡು ಮೆಗಾಪಿಕ್ಸೆಲ್ಲು, ರಸ್ತೆ ಆಚೆಯ ಬೈಕ್ ನಂಬರೂ ಕಾಣ್ತದೆ' ಅಂತ ಮಾರುವವರು ಹೇಳುತ್ತಾರೆ. ಬನ್ನಿ, ಲೆಕ್ಕ ಹಾಕೋಣ, ದೊಡ್ಡ ಲೆಕ್ಕವೇನಲ್ಲ. ಎರಡು ಮೆಗಾಪಿಕ್ಸೆಲ್ ಚಿತ್ರದ ಅಗಲ 1920 ಚುಕ್ಕಿ. ಗೊತ್ತಿಲ್ಲದ ಒಬ್ಬರ ಮುಖವನ್ನು ಖಂಡಿತವಾಗಿ ಗುರುತಿಸಬೇಕಾದರೆ ಒಂದು ಮೀಟರ್ ಅಗಲಕ್ಕೆ 250 ಚುಕ್ಕಿ ಬೇಕು ಅಂತ ಈ ಕಸುಬಿನವರು ಇಟ್ಟುಕೊಂಡಿರುವ ಅಳತೆ. ಭಾಗಿಸಿದರೆ ಏಳೂವರೆ ಮೀಟರ್ ಚಿಲ್ಲರೆ. ಅಂದರೆ ಚಿತ್ರದಲ್ಲಿ ಕಾಣುವ ಜಾಗ ಅದಕ್ಕಿಂತ ಅಗಲವಾದರೆ ಮುಖ ಗುರುತು ಸಿಗದು. ಸಾಮಾನ್ಯವಾಗಿ ಹಾಕುವ 3.6 ಮಿ.ಮೀ. ಲೆನ್ಸಿನಲ್ಲಿ ಅಷ್ಟು ಅಗಲ ಬರುವುದು ಐದು ಮೀಟರ್ ದೂರಕ್ಕೆ, ಹದಿನಾರು ಅಡಿಗೆ. ಅದರಾಚೆ ಯಾರೋ ಒಬ್ಬ ಬಂದ, ನೀಲಿ ಅಂಗಿ ಹಾಕಿದ್ದ ಅನ್ನುವಷ್ಟು ತಿಳಿಯುತ್ತದೆ, ಅಷ್ಟೇ. ಅದೂ ಬೇಕಾಗುತ್ತದೆ, ಇಲ್ಲವೆನ್ನಲಿಲ್ಲ. ಆದರೆ ಮುಖ ಬೇಕಾದ ಜಾಗ ಯಾವುದು, ಅಂಗಿಯ ಬಣ್ಣ ಸಾಕಾದ ಜಾಗ ಯಾವುದು ಅಂತ ಮೊದಲೇ ತೀರ್ಮಾನ ಆಗಿರಬೇಕು.

ಅಷ್ಟೂ ಬೇಡದ ಕಡೆ ಇನ್ನೂ ಕಮ್ಮಿಯಲ್ಲಿ ನಡೆಯುತ್ತದೆ. ಕಾಫಿ ಸೀಮೆಯವರು ನಾವು, ಈ ಕತೆ ನಿಮಗೆ ಹಿಡಿಸುತ್ತದೆ. 1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದವರು ತಮ್ಮ ಕಾಫಿ ಪಾತ್ರೆಯ ಮುಂದೆ ಒಂದು ಕ್ಯಾಮೆರಾ ಇಟ್ಟರು. ಬೇರೆ ಬೇರೆ ಮಹಡಿಯಿಂದ ಮೆಟ್ಟಿಲಿಳಿದು ಬಂದವರಿಗೆ ಪಾತ್ರೆ ಖಾಲಿ ಕಂಡರೆ ಹೊಟ್ಟೆ ಉರಿಯುತ್ತಿತ್ತಂತೆ. ಕೂತಲ್ಲಿಂದಲೇ ಕಾಫಿ ಇದೆಯೋ ಇಲ್ಲವೋ ನೋಡಿಕೊಂಡು ಏಳುವುದಕ್ಕೆ ಈ ಏರ್ಪಾಡು. ಚಿತ್ರ ಎಷ್ಟು ದೊಡ್ಡದು? 128 ಚುಕ್ಕಿ ಅಗಲ, 128 ಚುಕ್ಕಿ ಎತ್ತರ. ಇಂಟರ್ನೆಟ್ಟಿನಲ್ಲಿ ಜಗತ್ತೆಲ್ಲ ಅದನ್ನು ನೋಡಿತು, 2001ರಲ್ಲಿ ನಿಲ್ಲಿಸಿದರು. ಪಾತ್ರೆ ತುಂಬಿದೆಯೋ ಇಲ್ಲವೋ ಅನ್ನುವ ಪ್ರಶ್ನೆಗೆ ಅಷ್ಟು ಚುಕ್ಕಿ ಧಾರಾಳವಾಯಿತು. ಭಾವನ ಗೋಡೌನಿಗೂ ಅಷ್ಟೇ ಸಾಕು: ಶೆಟರ್ ತೆರೆದಿದೆಯೋ ಮುಚ್ಚಿದೆಯೋ.

ಇಂಥ ವಿಷಯದಲ್ಲಿ ನನಗೆ ಬಹಳ ಗೌರವ ಇರುವ ಇನ್ನೊಬ್ಬರು ಮೇರಿ ವ್ಯಾನ್ ಬ್ರಿಟನ್ ಬ್ರೌನ್. ನ್ಯೂಯಾರ್ಕಿನ ಕ್ವೀನ್ಸಿನಲ್ಲಿದ್ದ ನರ್ಸು. ಗಂಡ ಎಲೆಕ್ಟ್ರಾನಿಕ್ಸ್ ಕೆಲಸದವನು. ಇಬ್ಬರದೂ ಹೊತ್ತುಗೊತ್ತಿಲ್ಲದ ಡ್ಯೂಟಿ, ರಾತ್ರಿ ಬಾಗಿಲು ಬಡಿದರೆ ಭಯ, ಕರೆದರೆ ಪೊಲೀಸರು ಬರುವುದು ತಡ. ಆಕೆ ಯೋಚಿಸಿ, ಬಾಗಿಲಿನಲ್ಲಿ ಬೇರೆ ಬೇರೆ ಎತ್ತರಕ್ಕೆ ಕಿಂಡಿ, ಅವುಗಳ ಹಿಂದೆ ಮೇಲೆ ಕೆಳಗೆ ಜರುಗುವ ಕ್ಯಾಮೆರಾ, ಮಲಗುವ ಕೋಣೆಯಲ್ಲಿ ಪರದೆ ಇರುವಂತೆ ಒಂದು ವ್ಯವಸ್ಥೆ ರೂಪಿಸಿದರು. 1966ರಲ್ಲಿ ಅರ್ಜಿ, 1969ರಲ್ಲಿ ಪೇಟೆಂಟ್. ಎತ್ತರದವರು ಬಂದರೂ ಮಗು ಬಂದರೂ ಮುಖವೇ ಕಾಣಬೇಕು ಅನ್ನುವುದು ಆಕೆಗೆ ಅವತ್ತೇ ಹೊಳೆದಿತ್ತು. ತನ್ನ ಭಯ ಎಂಥದ್ದು ಅಂತ ಸರಿಯಾಗಿ ತಿಳಿದವರ ಕೈಯಲ್ಲಿ ಯಂತ್ರವೂ ಸರಿಯಾಗಿ ಬರುತ್ತದೆ.

ಮತ್ತೆ ಅಂಗಡಿಗೆ ಬರೋಣ. ಮುಂದಿನದು ಚಿತ್ರಗಳನ್ನು ತುಂಬಿಡುವ ಹಾರ್ಡ್ ಡಿಸ್ಕ್. 'ಒಂದು ಟಿಬಿ ಇದೆ, ಬೇಜಾನಾಯ್ತು' ಅಂದ ಹುಡುಗ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಬರೆದರೆ ದಿನಕ್ಕೆ ಇಪ್ಪತ್ತೊಂದೂವರೆ ಜಿಬಿ. ನಾಲ್ಕಕ್ಕೆ 86. ಸಾವಿರ ಜಿಬಿ ಹನ್ನೊಂದೂವರೆ ದಿನಕ್ಕೆ ತುಂಬಿ, ಹಳೆಯದನ್ನು ತಾನೇ ಅಳಿಸಿಕೊಂಡು ಮೇಲೆ ಬರೆಯುತ್ತದೆ. ಭಾವ ಔಷಧಿ ಸ್ಟಾಕ್ ತಾಳೆ ನೋಡುವುದು ತಿಂಗಳ ಕೊನೆಗೆ. ಒಂದನೇ ತಾರೀಖು ಹೋದ ಬಾಟಲಿ ಲೆಕ್ಕಕ್ಕೆ ಬರುವ ಹೊತ್ತಿಗೆ ಅದರ ಚಿತ್ರವೇ ಇರುವುದಿಲ್ಲ! ಒಂದೋ ಡಿಸ್ಕ್ ದೊಡ್ಡದಾಗಬೇಕು, ಇಲ್ಲವೇ ವಾರಕ್ಕೊಮ್ಮೆ ಲೆಕ್ಕ ಮಾಡಬೇಕು. ಭಾವ ನಾಲ್ಕು ಟಿಬಿಗೆ ಒಪ್ಪಿದರು, ವಾರದ ಲೆಕ್ಕಕ್ಕೆ ಒಪ್ಪಲಿಲ್ಲ.

ತಿಂಗಳು ಅನ್ನುವುದಕ್ಕೆ ಕಾನೂನಿನ ಆಧಾರವೂ ಇದೆ. ಕರ್ನಾಟಕದ ಸಾರ್ವಜನಿಕ ಸುರಕ್ಷತಾ ಕಾಯ್ದೆ 2017ರದು. ಒಂದೇ ಹೊತ್ತಿಗೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಕಡೆ ಕ್ಯಾಮೆರಾ ಇರಬೇಕು, ಚಿತ್ರಗಳನ್ನು 30 ದಿನ ಕಾಪಾಡಬೇಕು ಅನ್ನುತ್ತದೆ. ಮೊಸಳೆಯ ಗೊಬ್ಬರದಂಗಡಿಗೆ ಅಷ್ಟು ಜನ ಎಲ್ಲಿ? ಮುಂಗಾರು ಹಿಡಿದು, ಆಲೂಗಡ್ಡೆ ಬಿತ್ತನೆ ಶುರುವಾಗಿ, ಡಿಎಪಿ ಲಾರಿ ಬಂತು ಅಂತ ಸುದ್ದಿಯಾದ ದಿನ ಮಾತ್ರ ಸಾಲು ರಸ್ತೆಗೆ ಬರುತ್ತದೆ. ಕಲ್ಯಾಣಮಂಟಪದವರು, ದೊಡ್ಡ ಬಟ್ಟೆ ಅಂಗಡಿಯವರು ಇದನ್ನು ತಿಳಿದಿರಲೇಬೇಕು.

ಇನ್ನು ತಂತಿಯ ವಿಷಯ. ಹಗಲು ಚೆನ್ನಾಗಿ ಕಂಡ ಗೋಡೌನ್ ರಾತ್ರಿ ಆಗುತ್ತಲೇ ಮಾಯವಾಗುತ್ತದೆ, ಬರುತ್ತದೆ, ಮತ್ತೆ ಮಾಯ. ದೆವ್ವ ಭೂತ ಏನಲ್ಲ. 12 ವೋಲ್ಟಿನ ಕರೆಂಟು ಸಣ್ಣ ತಂತಿಯಲ್ಲಿ ಅರವತ್ತು ಎಪ್ಪತ್ತು ಮೀಟರ್ ಹೋಗುವಷ್ಟರಲ್ಲಿ ಸೊರಗಿರುತ್ತದೆ. ಕತ್ತಲಾದ ಮೇಲೆ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳು ಹತ್ತಿಕೊಂಡು ಜಾಸ್ತಿ ಕರೆಂಟು ಕೇಳುತ್ತವೆ, ಸಾಲದೆ ಕ್ಯಾಮೆರಾ ಆರಿ ಮತ್ತೆ ಏಳುತ್ತದೆ. ದೂರದ ಕ್ಯಾಮೆರಾಕ್ಕೆ ಹತ್ತಿರದಲ್ಲೇ ಬೇರೆ ಅಡಾಪ್ಟರ್ ಕೊಟ್ಟರೆ ಮುಗಿಯಿತು. ನೆಟ್‌ವರ್ಕ್ ಕೇಬಲ್ಲಿನ ಕ್ಯಾಮೆರಾ ಆದರೆ 100 ಮೀಟರ್ ಅದರ ಎಲ್ಲೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಗುಡುಗು ಸಿಡಿಲಿನ ಮಳೆ ಹೇಗೆ ಬರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಅರ್ಥಿಂಗ್ ಸರಿಯಿಲ್ಲದಿದ್ದರೆ ಒಂದು ಸಿಡಿಲಿಗೆ ಡಿವಿಆರ್, ಅಂದರೆ ಚಿತ್ರ ಬರೆದಿಡುವ ಡಬ್ಬ, ಹೊಗೆಯಾಡುತ್ತದೆ. ಆಮೇಲೆ ಜೇಡ. ರಾತ್ರಿ ಕ್ಯಾಮೆರಾದ ಮೂತಿಗೆ ಜೇಡ ಕಟ್ಟಿದ ಒಂದೇ ಒಂದು ಎಳೆ ಇನ್‌ಫ್ರಾರೆಡ್ ದೀಪದ ಆ ಕಾಣದ ಬೆಳಕಿಗೆ ಬೆಳ್ಳಗೆ ಹೊಳೆದು ಅರ್ಧ ಚಿತ್ರ ಮುಚ್ಚುತ್ತದೆ. ತಿಂಗಳಿಗೆರಡು ಸಲ ಉದ್ದ ಕೋಲಿಗೆ ಬಟ್ಟೆ ಸುತ್ತಿ ಒರೆಸುವ ಕೆಲಸ ಅಂಗಡಿಯ ಹುಡುಗನದು.

ಇಷ್ಟೆಲ್ಲ ಆದರೆ ಕಳ್ಳತನ ನಿಲ್ಲುತ್ತದೆಯೇ ಅಂತ ಕೇಳುತ್ತೀರಿ. 2013ರ ನವೆಂಬರ್ 19ರ ಬೆಳಿಗ್ಗೆ ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಎಟಿಎಂ ಒಳಗೆ ಒಬ್ಬ ಹೆಣ್ಣುಮಗಳ ಮೇಲೆ ನಡೆದ ಹಲ್ಲೆ ನೆನಪಿರಬೇಕು. ಹಲ್ಲೆ ಮಾಡಿದವನು ಒಳನುಗ್ಗಿ ಶೆಟರ್ ಎಳೆದುಕೊಂಡ. ಕ್ಯಾಮೆರಾ ಎಲ್ಲವನ್ನೂ ಕಂಡಿತು, ಮುಖವೂ ಸಿಕ್ಕಿತು, ದೇಶವೆಲ್ಲ ಟಿವಿಯಲ್ಲಿ ಅವನನ್ನು ನೋಡಿತು. ಆದರೂ ಅವನು ಸಿಕ್ಕಿಬಿದ್ದದ್ದು 2017ರ ಫೆಬ್ರುವರಿಯಲ್ಲಿ, ಮದನಪಲ್ಲಿಯಲ್ಲಿ. ಶಿಕ್ಷೆಯಾದದ್ದು 2021ರಲ್ಲಿ. ಆ ಚಿತ್ರ ಇಲ್ಲದಿದ್ದರೆ ಅದೂ ಆಗುತ್ತಿತ್ತೋ ಇಲ್ಲವೋ. ಆದರೆ ಆ ಹೊತ್ತಿಗೆ ಆಕೆಗೆ ಬೇಕಾಗಿದ್ದದ್ದು ಬಾಗಿಲಲ್ಲಿ ಒಬ್ಬ ಕಾವಲಿನವನು. ಕ್ಯಾಮೆರಾ ಸಾಕ್ಷಿ ಹೇಳುತ್ತದೆ, ಅಡ್ಡ ಬರುವುದಿಲ್ಲ. ಎದುರಿನ ಬೇಕರಿಯವರ ಜೊತೆ ಮಾತುಕತೆ ಚೆನ್ನಾಗಿರಲಿ ಅಂತ ನಾನು ಭಾವನಿಗೆ ಹೇಳಿದ್ದು ಇದೇ ಕಾರಣಕ್ಕೆ.

ನೆರೆಹೊರೆ ಅಂದಾಗ ನೆನಪಾಯಿತು. ಹೊರಗಿನ ಕ್ಯಾಮೆರಾವನ್ನು ಹುಡುಗ ಮೊದಲು ತಿರುಗಿಸಿದಾಗ ಪಕ್ಕದ ಮನೆಯ ಅಂಗಳ, ಬಚ್ಚಲು ಒಲೆ, ತಂತಿಯ ಮೇಲೆ ಒಣಹಾಕಿದ ಬಟ್ಟೆ ಎಲ್ಲ ಪರದೆಯ ಮೇಲೆ ಬಂತು. ಅಕ್ಕ ಒಂದೇ ಮಾತಿಗೆ, "ಅದನ್ನ ಈಗಲೇ ತಿರುಗಿಸಪ್ಪ" ಅಂದಳು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರಲ್ಲ, ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿ ಅವರು. ತೀರ್ಪು ಓದದಿದ್ದರೂ ಅಕ್ಕನಿಗೆ ವಿಷಯ ಗೊತ್ತಿತ್ತು. ಹಮಾಲಿಗಳು ಮಧ್ಯಾಹ್ನ ಬುತ್ತಿ ಬಿಚ್ಚಿ ಕೂರುವ ಜಗುಲಿಯ ಮೇಲೂ ಕ್ಯಾಮೆರಾ ಬೇಡ ಅಂದೆವು. ಹೊರೆ ಇಳಿಸಿ ಅರ್ಧ ಗಂಟೆ ಕಾಲು ಚಾಚುವವರನ್ನು ಕಾಯುವುದರಿಂದ ಅಂಗಡಿಗೆ ಬರುವ ಲಾಭ ಏನೂ ಇಲ್ಲ. ಬಾಗಿಲಿಗೆ 'ಇಲ್ಲಿ ಸಿಸಿ ಕ್ಯಾಮೆರಾ ಇದೆ' ಅಂತ ಕನ್ನಡದಲ್ಲಿ ದಪ್ಪಕ್ಷರದ ಬೋರ್ಡ್ ಹಾಕಿ, ಕೆಲಸದವರನ್ನೆಲ್ಲ ಕರೆದು ಯಾವ ಕ್ಯಾಮೆರಾ ಎಲ್ಲಿ ನೋಡುತ್ತದೆ ಅಂತ ತೋರಿಸಿದ್ದಾಯಿತು.

ಡಿವಿಆರ್ ಎಲ್ಲಿಡಬೇಕು? ಗಲ್ಲಾಪೆಟ್ಟಿಗೆಯ ಕೆಳಗೆ ಇಟ್ಟರೆ ಕಳ್ಳ ದುಡ್ಡಿನ ಜೊತೆ ಅದನ್ನೂ ಹೊತ್ತುಕೊಂಡು ಹೋಗುತ್ತಾನೆ, ಸಾಕ್ಷಿಯೇ ಕಳುವಾದ ಹಾಗೆ. ಭಾವ ಅದನ್ನು ಮನೆಯೊಳಗಿನ ಬೀರುವಿನಲ್ಲಿ, ಗಾಳಿಯಾಡಲು ತೂತು ಕೊರೆಸಿ, ಬೀಗ ಹಾಕಿ ಇಟ್ಟಿದ್ದಾರೆ. ಪಕ್ಕದಲ್ಲೇ ಸಣ್ಣ ಯುಪಿಎಸ್. ಇನ್ನು ಪಾಸ್‌ವರ್ಡ್. ಕಂಪನಿಯವರು ಇಟ್ಟು ಕಳಿಸಿದ್ದನ್ನೇ ಬಿಟ್ಟರೆ ಏನಾಗುತ್ತದೆ ಅಂತ 2016ರಲ್ಲಿ ಜಗತ್ತು ನೋಡಿತು. ಮಿರಾಯ್ ಅನ್ನುವ ಕುತಂತ್ರಾಂಶ ಹಾಗೆ ಬಿಟ್ಟಿದ್ದ ಕ್ಯಾಮೆರಾ, ಡಿವಿಆರ್‌ಗಳನ್ನು ಲಕ್ಷಗಟ್ಟಲೆ ವಶಮಾಡಿಕೊಂಡು, ಅಕ್ಟೋಬರ್ 21ರಂದು ಅಮೆರಿಕದ ದೊಡ್ಡ ದೊಡ್ಡ ಜಾಲತಾಣಗಳನ್ನೇ ಕೆಡವಿತು. ಹಾಕಿದ ಹುಡುಗನಿಗೂ ಗೊತ್ತಿಲ್ಲದ ಹೊಸ ಪಾಸ್‌ವರ್ಡ್ ಇಡುವುದು ಅವನ ಮೇಲಿನ ಅಪನಂಬಿಕೆಯಲ್ಲ. ಅವನೇ, "ನೀವೇ ಇಟ್ಕೊಳಿ ಅಣ್ಣ, ನಂಗೂ ಒಳ್ಳೇದು" ಅಂದ.

ಕೊನೆಯದು ಗಡಿಯಾರ. ಡಿವಿಆರ್ ಒಳಗಿನ ಗುಂಡಿ ಬ್ಯಾಟರಿ ಸತ್ತರೆ, ಕರೆಂಟು ಹೋಗಿ ಬಂದಾಗ ತಾರೀಖು ಎಲ್ಲಿಗೋ ಹಾರಿಬಿಡುತ್ತದೆ. ಕಳುವಾದದ್ದು ಮಂಗಳವಾರ ರಾತ್ರಿ, ಚಿತ್ರದ ಮೇಲೆ ಯಾವುದೋ ವರ್ಷದ ಜನವರಿ. ಆ ಚಿತ್ರ ಠಾಣೆಗೆ ಹೋದರೆ, ಅಲ್ಲಿಂದ ಕೋರ್ಟಿಗೆ ಹೋದರೆ, ಎದುರು ವಕೀಲರ ಮೊದಲ ಪ್ರಶ್ನೆಯೇ ಅದು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ಚಿತ್ರದ ಜೊತೆ ಒಂದು ಪ್ರಮಾಣಪತ್ರವನ್ನೂ ಕೊಡಬೇಕು. ಹಿಂದಿನ ಕಾಯ್ದೆಯಲ್ಲೂ 65ಬಿ ಅಂತ ಇದೇ ಇತ್ತು. ಪೆನ್‌ಡ್ರೈವಿಗೆ ಹಾಕಿಕೊಟ್ಟರೆ ಮುಗಿಯಿತು ಅಂದುಕೊಳ್ಳಬೇಡಿ, ಯಾರು, ಯಾವಾಗ, ಯಾವ ಯಂತ್ರದಿಂದ ತೆಗೆದದ್ದು ಅಂತ ಬರೆದಿಟ್ಟುಕೊಳ್ಳಿ.

ನಿಮ್ಮ ಅಂಗಡಿಯಲ್ಲಿ ಈಗಾಗಲೇ ಕ್ಯಾಮೆರಾ ಇದ್ದರೆ, ಇವತ್ತು ಬಾಗಿಲು ಹಾಕುವ ಮುಂಚೆ ಎರಡೇ ಕೆಲಸ ಮಾಡಿ. ಪರದೆಯ ಮೇಲಿನ ಹೊತ್ತನ್ನು ನಿಮ್ಮ ಫೋನಿನ ಹೊತ್ತಿಗೆ ತಾಳೆ ನೋಡಿ. ಇಪ್ಪತ್ತು ದಿನದ ಹಿಂದಿನ ಒಂದು ರಾತ್ರಿಯ ರೆಕಾರ್ಡಿಂಗ್ ತೆಗೆದು, ಬಾಗಿಲಲ್ಲಿ ನಿಂತವರ ಮುಖ ಗೊತ್ತಾಗುತ್ತದೆಯೇ ನೋಡಿ. ಗೊತ್ತಾಗದಿದ್ದರೆ ನಾಳೆಯೇ ಹಾಕಿದವರಿಗೆ ಫೋನ್ ಮಾಡಿ.